ಬಿಸಿಲಿನ ಕಣಜ

ಉಡುಪಿಯ ಪಡುವಣಕ್ಕೆ, ಅರಬ್ಬೀ ಸಮುದ್ರದ ತೀರದಲ್ಲಿರುವ ಮಲ್ಪೆಯು ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬೇಸಗೆಯಲ್ಲಿ ಅಲ್ಲಿಗೆ ಹೋದವರು ಒಂದು ನೋಟವನ್ನು ಕಾಣದೆ ಇರಲಾರರು. ಬಂಗುಡೆ, ಸಿಗಡಿ ಮೊದಲಾದವುಗಳನ್ನು ಬಿಸಿಲಿಗೆ ಹರವಿ, ಹೆಂಗಸರು ಕಾಗೆಗಳನ್ನು ಓಡಿಸುತ್ತಾ, ಮೀನನ್ನು ಮಗುಚಿಹಾಕುತ್ತಾ ಕಾದಿರುತ್ತಾರೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ದುರ್ಲಭವಾದ ಆ ಮಳೆಗಾಲದಲ್ಲಿ ಒಣಮೀನೇ ಮನೆಮನೆಯ ಆಸರೆ. ಏಪ್ರಿಲ್ ತಿಂಗಳ ಬಿಸಿಲು ಮಾಡಿದ ಕೆಲಸವು ಜುಲೈ ತಿಂಗಳ ಊಟಕ್ಕೆ ಒದಗುತ್ತದೆ. ಬಿಸಿಲಿದ್ದಾಗ ಅದರ ಫಲವನ್ನು ಕೂಡಿಟ್ಟು, ಇಲ್ಲದಾಗ ಬಳಸುವ ಈ ಜಾಣ್ಮೆಯನ್ನು ಕರಾವಳಿಯ ಜನರು ಬಹು ಹಿಂದೆಯೇ ಅರಿತಿದ್ದರು.

ಇದೇ ಜಾಣ್ಮೆಯನ್ನು ದೂರದ ಮತ್ತೊಂದು ಕಡಲೂರಿನಲ್ಲಿ ಬೇರೊಂದು ರೂಪದಲ್ಲಿ ಕಾಣಬಹುದು. ಡೆನ್ಮಾರ್ಕ್ ದೇಶದ ಏರೋ ದ್ವೀಪದಲ್ಲಿ ಮಾರ್ಸ್ಟಾಲ್ ಎಂಬ ಚಿಕ್ಕ ಪಟ್ಟಣವಿದೆ. ಅದು ನಾವಿಕರ ಊರೆಂದು ಹೆಸರಾದುದು. ಅಲ್ಲಿ ಚಳಿಗಾಲದ ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ಹೆಚ್ಚು ಮೇಲೇರುವುದಿಲ್ಲ. ಮನೆಗಳನ್ನು ಬೆಚ್ಚಗಿರಿಸದಿದ್ದರೆ ಬದುಕುವುದೇ ಕಷ್ಟ. ಒಂದೊಂದು ಮನೆಯೂ ಬೇರೆ ಬೇರೆ ಒಲೆ ಹೂಡುವುದರ ಬದಲು, ಒಂದೇ ಸ್ಥಳದಲ್ಲಿ ನೀರನ್ನು ಕಾಯಿಸಿ, ನೆಲದಡಿಯ ಕೊಳವೆಗಳ ಮೂಲಕ ಎಲ್ಲ ಮನೆಗಳಿಗೂ ಹರಿಸುವ ವ್ಯವಸ್ಥೆ ಅಲ್ಲಿದೆ. ಒಂದು ಕೊಳವೆಯಲ್ಲಿ ಬಿಸಿನೀರು ಹೋಗುತ್ತದೆ. ಮನೆಗಳಿಗೆ ತನ್ನ ಉಷ್ಣವನ್ನು ಕೊಟ್ಟು ತಣಿದ ನೀರು ಮತ್ತೊಂದು ಕೊಳವೆಯಲ್ಲಿ ಹಿಂತಿರುಗುತ್ತದೆ. ಇದಕ್ಕೆ ಊರುಮಟ್ಟದ ಉಷ್ಣಜಾಲ ಎನ್ನಬಹುದು.

1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿದಾಗ, ಹೊರದೇಶಗಳ ತೈಲವನ್ನೇ ನಂಬಿದ್ದ ಡೆನ್ಮಾರ್ಕ್ ದೇಶವು ತತ್ತರಿಸಿತು. ಅಂದಿನಿಂದ ಅಲ್ಲಿಯ ಜನರು ಉಷ್ಣದ ಇತರ ಮೂಲಗಳನ್ನು ಅರಸತೊಡಗಿದರು. ಮಾರ್ಸ್ಟಾಲಿನಲ್ಲಿ ಬಳಕೆದಾರರೇ ಒಡೆಯರಾಗಿರುವ ಸಹಕಾರಿ ಸಂಸ್ಥೆಯು 1996ರಲ್ಲಿ ಬಯಲಿನಲ್ಲಿ ದೊಡ್ಡ ಪ್ರಮಾಣದ ಸೌರಫಲಕಗಳನ್ನು ಹೂಡಿತು. 2012ರ ಹೊತ್ತಿಗೆ ಅವುಗಳ ವಿಸ್ತಾರವು 33,000 ಚದರ ಮೀಟರುಗಳನ್ನು ಮೀರಿತು.

ಈ ಫಲಕದ ರಚನೆ ಸರಳವಾದುದು. ಕಪ್ಪು ಬಳಿದ ಲೋಹದ ಹಾಳೆಯು ಬಿಸಿಲನ್ನು ಹೀರಿ ಕಾಯುತ್ತದೆ. ಅದಕ್ಕೆ ಬೆಸೆದ ನಳಿಗೆಗಳಲ್ಲಿ ಹರಿಯುವ ದ್ರವವು ಆ ಉಷ್ಣವನ್ನು ಒಯ್ಯುತ್ತದೆ. ಮೇಲಿನ ಗಾಜು ಬೆಳಕನ್ನು ಒಳಗೆ ಬಿಟ್ಟು, ಉಷ್ಣವು ಹೊರಗೆ ಹೋಗದಂತೆ ತಡೆಯುತ್ತದೆ. ಆದರೆ ಒಳಗಿನ ದ್ರವವು ಹೆಚ್ಚು ಬಿಸಿಯಾದಷ್ಟೂ ಹೊರಗಿನ ಗಾಳಿಗೆ ಸೋರಿಹೋಗುವ ಉಷ್ಣವೂ ಹೆಚ್ಚು. ಆದುದರಿಂದ ಊರಿನಿಂದ ಹಿಂತಿರುಗುವ ನೀರು ತಣ್ಣಗಿದ್ದಷ್ಟೂ ಫಲಕಗಳ ದುಡಿಮೆ ಚೆನ್ನಾಗಿರುತ್ತದೆ.

ಇಲ್ಲಿ ಒಂದು ತೊಡಕುಂಟು. ಬಿಸಿಲು ಹೇರಳವಾಗಿರುವುದು ಬೇಸಗೆಯಲ್ಲಿ. ಉಷ್ಣವು ಬೇಕಾಗುವುದು ಚಳಿಗಾಲದಲ್ಲಿ. ಇದಕ್ಕೆ ಪರಿಹಾರವಾಗಿ ಮಾರ್ಸ್ಟಾಲಿನವರು ನೆಲದಲ್ಲಿ ದೊಡ್ಡ ಹೊಂಡವನ್ನು ತೋಡಿ, ನೀರು ಇಂಗದ ಹಾಳೆಯನ್ನು ಹಾಸಿ, ಅದರಲ್ಲಿ ಬಿಸಿನೀರನ್ನು ತುಂಬಿ, ಉಷ್ಣನಿರೋಧಕವಾದ ಮುಚ್ಚಳವನ್ನು ಮೇಲೆ ತೇಲಿಬಿಟ್ಟರು. ಆ ಹೊಂಡದಲ್ಲಿ 75,000 ಘನ ಮೀಟರ್ ನೀರು ಹಿಡಿಯುತ್ತದೆ. ತಂಬಿಗೆಯಲ್ಲಿರುವ ಬಿಸಿನೀರು ಬೇಗ ಆರುತ್ತದೆ, ಹಂಡೆಯಲ್ಲಿರುವುದು ತಡವಾಗಿ ಆರುತ್ತದೆ ಎಂಬುದನ್ನು ನೀವು ಮನೆಯ ಬಚ್ಚಲಲ್ಲಿಯೇ ಕಂಡಿರುವಿರಿ. ಪಾತ್ರೆಯು ದೊಡ್ಡದಾದಂತೆ ನೀರಿನ ಮೊತ್ತಕ್ಕೆ ಹೋಲಿಸಿದರೆ ಅದರ ಹೊರಮೈ ಕಡಿಮೆಯಾಗುವುದೇ ಇದಕ್ಕೆ ಕಾರಣ. ಒಬ್ಬೊಬ್ಬರೂ ಕಟ್ಟಲಾರದ ಕಣಜವನ್ನು ಊರೆಲ್ಲ ಕೂಡಿ ಕಟ್ಟಿದುದರಿಂದಲೇ ಬೇಸಗೆಯ ಬಿಸಿಲು ಚಳಿಗಾಲಕ್ಕೆ ಉಳಿಯಿತು. ಆಗಲೂ ಕೊರತೆಯಾದರೆ ಮರದ ಚಕ್ಕೆಗಳನ್ನು ಉರಿಸುತ್ತಾರೆ. ಬಿಸಿಲು ಮೊದಲು, ಕಣಜ ಅನಂತರ, ಬೆಂಕಿ ಕೊನೆಗೆ; ಇದೇ ಅಲ್ಲಿಯ ಕ್ರಮ.

ಮಲ್ಪೆಯಲ್ಲಿ ಮನೆಯನ್ನು ಬೆಚ್ಚಗಿರಿಸುವ ಅಗತ್ಯವಿಲ್ಲ. ಆದರೂ ಉಷ್ಣವು ನಮಗೆ ಬೇಡವೆಂದಲ್ಲ. 25 ಡಿಗ್ರಿಯ ನೂರು ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು ನಾಲ್ಕು ಯೂನಿಟ್ ವಿದ್ಯುತ್ತು ಬೇಕು. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿಯೇ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದ್ದು, ಅಲ್ಲಿ ಹೊರದೇಶದ ಕಲ್ಲಿದ್ದಲು ಉರಿಯುತ್ತದೆ. ಕಲ್ಲಿದ್ದಲಿನಿಂದ ನೀರನ್ನು ಕುದಿಸಿ, ವಿದ್ಯುತ್ತನ್ನು ಪಡೆದು, ಅದೇ ವಿದ್ಯುತ್ತಿನಿಂದ ಸ್ನಾನದ ನೀರನ್ನು ಕಾಯಿಸುವುದು ಎಷ್ಟರಮಟ್ಟಿಗೆ ಸರಿ? ಇದನ್ನು ಮನಗಂಡು ಕರ್ನಾಟಕ ಸರ್ಕಾರವು ನಿಗದಿತ ಅಳತೆಯನ್ನು ಮೀರಿದ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು 2007ರಲ್ಲಿ ಕಡ್ಡಾಯಗೊಳಿಸಿತು. ಸಾವಿರಾರು ವಿದ್ಯಾರ್ಥಿಗಳು ಒಂದೆಡೆ ವಾಸಿಸುವ ಮಣಿಪಾಲದಂತಹ ಊರಿನಲ್ಲಿ, ವಿದ್ಯಾರ್ಥಿನಿಲಯಗಳು ಒಂದೇ ಬಿಸಿನೀರಿನ ಜಾಲವನ್ನು ಹಂಚಿಕೊಳ್ಳುವುದು ಊಹೆಗೆ ಮೀರಿದ ಮಾತಲ್ಲ.

ಮೀನೊಣಗಿಸುವವರಿಗೂ ಈ ಕ್ರಮವು ಉಪಯುಕ್ತವಾದುದು. ಬಯಲಿನಲ್ಲಿ ಹರವಿದ ಮೀನಿಗೆ ಮರಳು ಮೆತ್ತುತ್ತದೆ, ನೊಣ ಮುತ್ತುತ್ತದೆ. ಅಕಾಲದಲ್ಲಿ ಮಳೆ ಸುರಿದರೆ ಒಂದು ದಿನದ ದುಡಿಮೆಯೇ ಕೊಳೆತುಹೋಗುತ್ತದೆ. ಸೌರ ಶುಷ್ಕಕದ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗಾಳಿಯು ಹಾಯುವುದರಿಂದ ಮೀನು ಶುಚಿಯಾಗಿ ಒಣಗುತ್ತದೆ. ಹಗಲು ಕಾದ ನೀರಿನ ತೊಟ್ಟಿಯೊಂದನ್ನು ಅದಕ್ಕೆ ಜೋಡಿಸಿದರೆ ರಾತ್ರಿಯಲ್ಲಿಯೂ ಕೆಲಸ ಸಾಗುವುದು. ಆದರೆ ಕಡಲಿನ ಉಪ್ಪುಗಾಳಿಯು ಲೋಹವನ್ನು ಬಲುಬೇಗ ತಿನ್ನುತ್ತದೆ, ಹಣವೂ ಬೇಕು. ದಿನಗೂಲಿಯಿಂದ ಬಾಳುವ ಹೆಣ್ಣುಮಗಳೊಬ್ಬಳು ಅದನ್ನು ಒಬ್ಬಳೇ ಕೊಳ್ಳಲಾರಳು. ಹತ್ತು ಜನ ಕೂಡಿದರೆ ಕೊಳ್ಳಬಲ್ಲರು.

ಬಿಸಿಲನ್ನು ಪ್ರಕೃತಿಯು ಎಲ್ಲರಿಗೂ ಬೆಲೆಯಿಲ್ಲದೆ ಕೊಟ್ಟಿದೆ. ಅದನ್ನು ಹಿಡಿದಿಡುವ ಕಣಜವನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕು. ಬಿಸಿಲು ಕಡಿಮೆಯಿರುವ ನಾಡಿನವರು ಹನಿ ಹನಿಯಾಗಿ ಕೂಡಿಡುತ್ತಿರುವಾಗ, ವರ್ಷದ ಬಹುಭಾಗ ಬಿಸಿಲನ್ನು ಕಾಣುವ ನಾವು ಅದನ್ನು ಮರಳಿನ ಮೇಲೆ ಚೆಲ್ಲಿ ಸುಮ್ಮನಿರಬಹುದೇ?