ಫಿಟ್ಸ್ ಎಂಬ ಕಾರಣಕ್ಕೆ ಕ್ಲೇಮು ತಿರಸ್ಕೃತವಾದರೆ

‘ರೋಗಿಗೆ ಬಾಲ್ಯದಿಂದಲೂ ಫಿಟ್ಸ್ ಇದೆ.’ ಡಿಸ್‌ಚಾರ್ಜ್ ಸಮರಿಯಲ್ಲಿ ಇಂಥದೊಂದು ಸಾಲು ಸೇರಿಕೊಂಡರೆ ಆರೋಗ್ಯ ವಿಮೆಯ ಕ್ಲೇಮು ಅಲ್ಲಿಗೇ ನಿಂತುಬಿಡುತ್ತದೆ. ಆ ಸಾಲು ಹುಟ್ಟುವ ಬಗೆ ಸಾಮಾನ್ಯವಾಗಿ ಹೀಗೆ: ನಡುರಾತ್ರಿ, ತುರ್ತು ಚಿಕಿತ್ಸಾ ಘಟಕ. ಮನೆಯಲ್ಲಿ ಕೈಕಾಲು ಸೆಟೆದು ಬಿದ್ದ ಮಗನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದಾರೆ. ‘ಮೊದಲು ಯಾವಾಗಲಾದರೂ ಹೀಗಾಗಿತ್ತಾ ಅಮ್ಮಾ?’ ಎಂದು ಡ್ಯೂಟಿ ಡಾಕ್ಟರು ಕೇಳುತ್ತಾರೆ. ‘ಹೂಂ ಡಾಕ್ಟ್ರೇ, ಎರಡು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಒಂದ್ಸಲ ಬಂದಿತ್ತು’ ಎನ್ನುತ್ತಾರೆ ತಾಯಿ. ಆ ಒಂದು ಸಲ ಕೇಸ್ ಶೀಟಿಗೆ ಬರುವಷ್ಟರಲ್ಲಿ ‘ಬಾಲ್ಯದಿಂದಲೂ’ ಆಗಿರುತ್ತದೆ. ಮೂರು ವಾರದ ಮೇಲೆ ವಿಮಾ ಕಂಪನಿಯ ಪತ್ರ ಬರುತ್ತದೆ: ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆ, ಮುಚ್ಚಿಟ್ಟಿದ್ದೀರಿ, ಕ್ಲೇಮು ತಿರಸ್ಕರಿಸಲಾಗಿದೆ.

ಫಿಟ್ಸ್ ಬಂದವರಿಗೆಲ್ಲ ಮೂರ್ಛೆರೋಗ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ತಾನಾಗಿ ನಿಂತುಹೋಗುತ್ತದೆ. ರಕ್ತದಲ್ಲಿ ಸಕ್ಕರೆಯೋ ಸೋಡಿಯಮ್ಮೋ ಇಳಿದಾಗ, ಕುಡಿತವನ್ನು ಒಮ್ಮೆಗೇ ಬಿಟ್ಟಾಗ, ಲಾಡಿಹುಳುವಿನ ಮರಿ ಮಿದುಳು ಸೇರಿದಾಗಲೂ ಫಿಟ್ಸ್ ಬರಬಹುದು. ಇಂಥ ತಕ್ಷಣದ ಕಾರಣವಿಲ್ಲದೆ, ಇಪ್ಪತ್ನಾಲ್ಕು ಗಂಟೆಗೂ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದರೆ ಅದನ್ನು ಮೂರ್ಛೆರೋಗ ಎನ್ನುವುದು ವೈದ್ಯರ ವಾಡಿಕೆ. ಅದು ನರಮಂಡಲದ ಕಾಯಿಲೆ, ಮಾನಸಿಕ ಕಾಯಿಲೆಯಲ್ಲ. ಹಾಗಿದ್ದೂ 1955ರ ಹಿಂದೂ ವಿವಾಹ ಕಾಯ್ದೆ, 1976ರ ತಿದ್ದುಪಡಿಯಲ್ಲಿ, ಮರುಕಳಿಸುವ ಹುಚ್ಚಿನ ಜೊತೆಯಲ್ಲೇ ಮೂರ್ಛೆರೋಗವನ್ನೂ ಮದುವೆಗೆ ಅಡ್ಡಿಯೆಂದು ಬರೆದಿಟ್ಟಿತ್ತು. ಆ ಪದವನ್ನು ತೆಗೆದದ್ದು 1999ರಲ್ಲಿ. ಕಾಯ್ದೆಯೇ ಇಷ್ಟು ತಡವಾಗಿ ತಿದ್ದಿಕೊಂಡ ಮೇಲೆ ಕ್ಲೇಮು ವಿಭಾಗದ ಮೇಜಿನಲ್ಲಿ ತಪ್ಪು ತಿಳಿವಳಿಕೆ ಉಳಿದಿರುವುದು ಅಚ್ಚರಿಯಲ್ಲ. ಆದರೆ ಅದರ ಬೆಲೆಯನ್ನು ರೋಗಿಯ ಮನೆಯವರು ತೆರಬೇಕಾಗಿಲ್ಲ.

ತಿರಸ್ಕಾರ ಪತ್ರ ಬಂದಾಗ ಮೊದಲು ನೋಡಬೇಕಾದದ್ದು, ಅದರಲ್ಲಿ ಪಾಲಿಸಿಯ ಯಾವ ಷರತ್ತನ್ನು ಹೆಸರಿಸಿದ್ದಾರೆ ಎಂಬುದನ್ನು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆರೋಗ್ಯ ವಿಮೆಯ ಸುತ್ತೋಲೆಯ ಪ್ರಕಾರ, ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸಿ ಕಾರಣ ತಿಳಿಸಬೇಕು. ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎ ಕಳಿಸಿದ ಎರಡು ಸಾಲಿನ ಇಮೇಲಿಗೆ ಸುಮ್ಮನಾಗಬೇಡಿ. ಷರತ್ತಿನ ಸಂಖ್ಯೆ ಕೇಳಿ, ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ ಎಂದು ಕೇಳಿ, ಎರಡನ್ನೂ ಬರವಣಿಗೆಯಲ್ಲೇ ಕೇಳಿ.

‘ಮುಂಚೆಯೇ ಇದ್ದ ಕಾಯಿಲೆ’ ಎನ್ನುವುದಕ್ಕೆ ನಿಯಮದಲ್ಲಿ ಖಚಿತವಾದ ಅರ್ಥವಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಾವಳಿಯಂತೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಸೂಚಿಸಿದ, ಇಲ್ಲವೇ ಚಿಕಿತ್ಸೆ ಪಡೆದ ಕಾಯಿಲೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಎರಡನೇ ವಯಸ್ಸಿನಲ್ಲಿ ಜ್ವರಕ್ಕೆ ಬಂದುಹೋದ ಫಿಟ್ಸ್ ಇದರೊಳಗೆ ಬರುವುದೇ ಇಲ್ಲ. ನಿಜಕ್ಕೂ ಮುಂಚೆಯೇ ಕಾಯಿಲೆಯಿದ್ದರೂ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಪಾಲಿಸಿಯನ್ನು ಬಿಡದೆ 60 ತಿಂಗಳು ನವೀಕರಿಸಿಕೊಂಡು ಬಂದಿದ್ದರೆ, ವಂಚನೆಯನ್ನು ಸಾಬೀತುಪಡಿಸದ ಹೊರತು, ‘ವಿಷಯ ಮುಚ್ಚಿಟ್ಟಿದ್ದೀರಿ’ ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತೆಯೇ ಇಲ್ಲ. ಜೀವ ವಿಮೆಗೆ 1938ರ ವಿಮಾ ಕಾಯ್ದೆಯ 45ನೇ ಕಲಮು ಇನ್ನೂ ಗಟ್ಟಿ: ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸಲಾಗದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಕಾಯಂ ಆಗಿ ಹೊರಗಿಡಬಹುದಾದ ಕಾಯಿಲೆಗಳೆಂದು ಐಆರ್‌ಡಿಎಐ 2019ರಲ್ಲಿ ಕೊಟ್ಟ ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ಆದರೆ ಹಾಗೆ ಹೊರಗಿಡಲು ಗ್ರಾಹಕರ ಒಪ್ಪಿಗೆ ಬೇಕು. ನಿಮ್ಮ ಪಾಲಿಸಿಯ ಷೆಡ್ಯೂಲಿನಲ್ಲಿ ಮೂರ್ಛೆರೋಗವನ್ನು ಸೂಚಿಸುವ ಜಿ40 ಎಂಬ ಸಂಕೇತ ಇದೆಯೇ, ಅದಕ್ಕೆ ನೀವು ಸಹಿ ಹಾಕಿದ್ದೀರಾ ನೋಡಿಕೊಳ್ಳಿ. ಇದ್ದರೂ ಅದು ಮೂರ್ಛೆರೋಗಕ್ಕಷ್ಟೇ ಅನ್ವಯ. ಅಪೆಂಡಿಕ್ಸ್ ಆಪರೇಷನ್ನಿಗೆ ಅದೇ ನೆಪ ಹೇಳುವಂತಿಲ್ಲ.

ಇನ್ನೊಂದು ತಿರಸ್ಕಾರ ಮೂರ್ಛೆರೋಗದವರನ್ನು ಹೆಚ್ಚು ನೋಯಿಸುತ್ತದೆ: ‘ಬರೀ ತಪಾಸಣೆಗೆ ಅಡ್ಮಿಟ್ ಆಗಿದ್ದೀರಿ.’ ವಿಡಿಯೋ ಇಇಜಿ ಎಂಬ ಪರೀಕ್ಷೆಯಲ್ಲಿ ರೋಗಿಯ ತಲೆಗೆ ತಂತಿಗಳನ್ನು ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಕೆಲವೊಮ್ಮೆ ದಿನಗಟ್ಟಲೆ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುತ್ತಾರೆ. ಫಿಟ್ಸ್ ಎಲ್ಲಿಂದ ಹೊರಡುತ್ತದೆಂದು ಹಿಡಿಯಲು ಎಷ್ಟೋ ಸಲ ಮಾತ್ರೆಯನ್ನು ಬೇಕೆಂದೇ ಕಡಿಮೆ ಮಾಡಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ನರ್ಸ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಇದನ್ನು ತಪಾಸಣೆ ಎನ್ನುವವರಿಗೆ ಉತ್ತರ ನ್ಯೂರಾಲಜಿಸ್ಟ್ ಬರೆದುಕೊಡುವ ಪತ್ರದಲ್ಲಿದೆ: ಮಾತ್ರೆ ಇಳಿಸಿದ್ದೇಕೆ, ಹೊರರೋಗಿಯಾಗಿ ಇದು ಏಕೆ ಅಸಾಧ್ಯ, ಫಲಿತಾಂಶದಿಂದ ಚಿಕಿತ್ಸೆ ಹೇಗೆ ಬದಲಾಯಿತು. ಪರೀಕ್ಷೆಯಲ್ಲಿ ಇದು ಮೂರ್ಛೆರೋಗವಲ್ಲ, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್ ಎಂದು ತಿಳಿದರೆ ಕಾಯಿಲೆಯ ಸಂಕೇತ ಎಫ್44.5 ಆಗುತ್ತದೆ. ಆಗ ‘ಮಾನಸಿಕ ಕಾಯಿಲೆ, ಕೊಡುವುದಿಲ್ಲ’ ಎಂದರೂ ಬಗ್ಗಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮು, ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿದೆ.

ಕಾಗದಪತ್ರಗಳ ಮಾತಿಗೆ ಬರೋಣ, ಗೆಲುವು ಸೋಲು ನಿಂತಿರುವುದು ಅಲ್ಲೇ. ಆಸ್ಪತ್ರೆಗೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ಪಡೆಯಿರಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳು ಹೇಳುತ್ತವೆ. ‘ಬಾಲ್ಯದಿಂದಲೂ’ ಎಂಬ ಸಾಲು ತಪ್ಪಾಗಿದ್ದರೆ, ಚಿಕಿತ್ಸೆ ಕೊಟ್ಟ ವೈದ್ಯರಿಂದ ಸಹಿ, ನೋಂದಣಿ ಸಂಖ್ಯೆ, ದಿನಾಂಕ ಹಾಕಿಸಿ ತಿದ್ದುಪಡಿ ಪ್ರಮಾಣಪತ್ರ ಮಾಡಿಸಿ. ಹಳೆಯ ಹಾಳೆಯ ಮೇಲೆ ಪೆನ್ನಿನಿಂದ ಹೊಡೆದು ತಿದ್ದಿಸಲು ಹೋಗಬೇಡಿ, ಅದು ಅನುಮಾನಕ್ಕೆ ಎಡೆಮಾಡುತ್ತದೆ. ನೀವು ಸಲ್ಲಿಸಿದ್ದ ಪ್ರಪೋಸಲ್ ಫಾರ್ಮಿನ ಪ್ರತಿಯನ್ನೂ ಕಂಪನಿಯಿಂದ ತರಿಸಿ. ಎಷ್ಟೋ ಫಾರ್ಮುಗಳಲ್ಲಿ ಏಜೆಂಟರೇ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಗುರುತು ಹಾಕಿರುತ್ತಾರೆ.

ನ್ಯಾಯಾಲಯಗಳು ಏನು ಹೇಳಿವೆ? ಮನಮೋಹನ್ ನಂದಾ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ಪ್ರಪೋಸಲ್ ಫಾರ್ಮಿನಲ್ಲಿ ತಿಳಿಸಿದ ಆರೋಗ್ಯ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾರಣ ಹೇಳಿ ಕ್ಲೇಮು ತಿರಸ್ಕರಿಸುವಂತಿಲ್ಲ ಎಂದಿತು. ಮುಚ್ಚಿಟ್ಟಿದ್ದಾರೆ ಎನ್ನುವ ಕಂಪನಿಯೇ ಅದನ್ನು ಸಾಬೀತುಪಡಿಸಬೇಕು ಎಂದು 2024ರಲ್ಲಿ ಮಹಾಕಾಳಿ ಸುಜಾತಾ ಅವರ ಜೀವ ವಿಮೆಯ ಪ್ರಕರಣದಲ್ಲಿ ಹೇಳಿತು. ಆದರೆ ಸತ್ವಂತ್ ಕೌರ್ ಸಂಧು ಪ್ರಕರಣವನ್ನೂ ಮರೆಯುವಂತಿಲ್ಲ. ಅಲ್ಲಿ ಗಂಭೀರ ಕಾಯಿಲೆಯನ್ನು ಮುಚ್ಚಿಟ್ಟಿದ್ದರಿಂದ 2009ರಲ್ಲಿ ಕೋರ್ಟು ಕಂಪನಿಯ ಪರ ನಿಂತಿತು. ಹೆಣ್ಣುಮಗಳ ಮದುವೆಗೆ ತೊಂದರೆಯಾದೀತೆಂದು ಫಿಟ್ಸ್ ವಿಷಯವನ್ನು ಮನೆಯೊಳಗೇ ಮುಚ್ಚಿಡುವ ಕುಟುಂಬಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಫಾರ್ಮು ಕೇಳಿದ ಪ್ರಶ್ನೆಗೆ ನಿಜವನ್ನೇ ಬರೆಯಿರಿ.

ದೂರಿನ ದಾರಿ ಕಷ್ಟದ್ದಲ್ಲ. ಮೊದಲು ಕಂಪನಿಯ ದೂರು ನಿವಾರಣಾ ಅಧಿಕಾರಿಗೆ ಬರೆಯಬೇಕು. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲೋ 155255 ಸಂಖ್ಯೆಯಲ್ಲೋ ದಾಖಲಿಸಬಹುದು. ಕಂಪನಿ ನಿರಾಕರಿಸಿದರೆ, ಸಮಾಧಾನಕರ ಉತ್ತರ ಕೊಡದಿದ್ದರೆ ಅಥವಾ ಒಂದು ತಿಂಗಳು ಉತ್ತರವೇ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಕ್ಲೇಮುಗಳನ್ನು ಕೇಳುತ್ತಾರೆ. ಅವರ ತೀರ್ಪನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು; ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ಕೊಡಬೇಕೆಂದು 2024ರ ಸುತ್ತೋಲೆ ಹೇಳುತ್ತದೆ. ಅಲ್ಲಿ ಒಪ್ಪಿಗೆಯಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿದ್ದರೂ ರಾಯಚೂರಿನವರು ರಾಯಚೂರಿನಲ್ಲೇ ಕೇಸು ನಡೆಸಬಹುದು. ಆಯೋಗದಲ್ಲಿ ಕೇಸು ಹಾಕಿಬಿಟ್ಟರೆ ಓಂಬುಡ್ಸ್‌ಮನ್ ಅದೇ ವಿಷಯ ಕೇಳುವುದಿಲ್ಲ, ಹಾಗಾಗಿ ಈ ಕ್ರಮವನ್ನು ತಪ್ಪಿಸಬೇಡಿ.

ಓಂಬುಡ್ಸ್‌ಮನ್‌ಗೆ ಗಡುವು ಕಂಪನಿ ನಿಮ್ಮ ದೂರನ್ನು ನಿರಾಕರಿಸಿದ ದಿನದಿಂದ ಒಂದು ವರ್ಷ. ಗ್ರಾಹಕರ ಆಯೋಗಕ್ಕೆ ಎರಡು ವರ್ಷ. ಬೀರುವಿನಲ್ಲಿಟ್ಟಿರುವ ಆ ತಿರಸ್ಕಾರ ಪತ್ರವನ್ನು ದಯವಿಟ್ಟು ಇವತ್ತೇ ತೆಗೆದು ಅದರ ಮೇಲಿನ ತಾರೀಖು ನೋಡಿ.