ಹೊಸ ರೇಡಿಯೊಗೆ ಕೈಯಾರೆ ಮಾಡಿದ ಉಪಕರಣ ಜೋಡಿಸುವ ಮುನ್ನ



ಹ್ಯಾಮ್ ರೇಡಿಯೊ ಎಂದರೆ ಹಾಡು, ವಾರ್ತೆ ಕೇಳುವ ರೇಡಿಯೊ ಅಲ್ಲ. ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರು ದೂರದ ಊರು, ದೇಶಗಳ ಹವ್ಯಾಸಿಗಳೊಂದಿಗೆ ನೇರವಾಗಿ ಮಾತನಾಡಲು ಬಳಸುವ ರೇಡಿಯೊ ಅದು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದು ಅಂಡಮಾನ್‌ನಲ್ಲಿ ಫೋನ್‌ಗಳು ನಿಂತುಹೋದಾಗ, ಅಲ್ಲಿದ್ದ ಹ್ಯಾಮ್‌ಗಳೇ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದರು. ಆದ್ದರಿಂದ ರೇಡಿಯೊ ಕೆಡದಂತೆ ನೋಡಿಕೊಳ್ಳುವುದು ಬರೀ ಹಣದ ಪ್ರಶ್ನೆಯಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಈ ಪಾಠಕ್ಕೆ ಹತ್ತನೇ ತರಗತಿಯ ಓಮ್‌ನ ನಿಯಮ ಗೊತ್ತಿದ್ದರೆ ಸಾಕು.

ಹೊಸ ರೇಡಿಯೊದಲ್ಲಿ ಏನು ಬದಲಾಗಿದೆ?

ಹಳೆಯ ರೇಡಿಯೊಗಳಲ್ಲಿ ಬೇಕಾದ ಸಂಕೇತವನ್ನು ಆರಿಸುವ ಕೆಲಸವನ್ನು ಸುರುಳಿಗಳು, ಕ್ರಿಸ್ಟಲ್‌ಗಳು ಮಾಡುತ್ತಿದ್ದವು. ಈಗಿನ ಸಾಫ್ಟ್‌ವೇರ್ ಆಧಾರಿತ ರೇಡಿಯೊ ಆಂಟೆನಾದಿಂದ ಬಂದ ಸಂಕೇತವನ್ನು ಅಂಕಿಗಳಾಗಿ ಬದಲಾಯಿಸಿ, ಉಳಿದದ್ದನ್ನು ಲೆಕ್ಕದಿಂದಲೇ ಮಾಡುತ್ತದೆ. 2016ರಲ್ಲಿ ಮಾರುಕಟ್ಟೆಗೆ ಬಂದ ಐಕಾಮ್ ಐಸಿ-7300 ಇಂಥದ್ದು. ಅದರ ಬೆಲೆ ಲಕ್ಷ ರೂಪಾಯಿಯ ಆಸುಪಾಸು, ಅದು ಹೊರಬಿಡುವ ಶಕ್ತಿ 100 ವ್ಯಾಟ್.

ಆದರೆ ಹಿಂಬದಿಯ ಸಾಕೆಟ್‌ಗಳಲ್ಲಿ ಹರಿಯುವುದು ಸಾಫ್ಟ್‌ವೇರ್ ಅಲ್ಲ, ವಿದ್ಯುತ್ತೇ. ಅಲ್ಲಿ ‘ಸೆಂಡ್’ ಎಂಬ ಸಾಕೆಟ್ ಇದೆ. ನಾವು ಮಾತನಾಡಲು ಗುಂಡಿ ಒತ್ತಿದಾಗ ಅದರ ನಡುವಿನ ತಂತಿ ಗ್ರೌಂಡ್‌ಗೆ ಸೇರುತ್ತದೆ. ಅಷ್ಟೇ ಅದರ ಕೆಲಸ. ಹೊರಗಿನ ಆಂಪ್ಲಿಫೈಯರ್‌ಗೆ ‘ಈಗ ಪ್ರಸಾರ ಶುರು’ ಎಂದು ತಿಳಿಯುವುದು ಇದರಿಂದಲೇ. ಇದು ತಡೆಯುವ ಮಿತಿ 16 ವೋಲ್ಟ್, ಅರ್ಧ ಆಂಪಿಯರ್.

ಮೊದಲ ಪ್ರಶ್ನೆ: ವೋಲ್ಟ್ ಎಷ್ಟು?

ಹಿಂದೆ ಅಮೆರಿಕದ ಹೀತ್‌ಕಿಟ್ ಕಂಪನಿ ಬಿಡಿಭಾಗಗಳನ್ನು ಮಾರುತ್ತಿತ್ತು, ಕೊಂಡವರು ಮನೆಯಲ್ಲೇ ಕೂತು ಜೋಡಿಸುತ್ತಿದ್ದರು. ಅದರ ಎಸ್‌ಬಿ-220 ಎಂಬ ವಾಲ್ವ್ ಆಂಪ್ಲಿಫೈಯರ್ ಇಂದಿಗೂ ಹಲವರ ಬಳಿ ಇದೆ. ಅದರ ರಿಲೇ ತಂತಿಯಲ್ಲಿ 100 ವೋಲ್ಟ್‌ಗಿಂತ ಹೆಚ್ಚು ಇರುತ್ತದೆ. ಇದನ್ನು ನೇರವಾಗಿ 16 ವೋಲ್ಟ್ ಮಿತಿಯ ಸಾಕೆಟ್‌ಗೆ ಸಿಕ್ಕಿಸಿದರೆ ರೇಡಿಯೊದ ಒಳಗಿನ ಬಿಡಿಭಾಗ ಸುಟ್ಟುಹೋಗಬಹುದು. ಹಳೆಯ ರೇಡಿಯೊಗಳಲ್ಲಿ ಈ ಕೆಲಸಕ್ಕೆ ಗಟ್ಟಿ ರಿಲೇ ಇರುತ್ತಿದ್ದುದರಿಂದ ಇದೇ ಜೋಡಣೆ ನಡೆದುಹೋಗುತ್ತಿತ್ತು. ‘ಅಲ್ಲಿ ನಡೆಯಿತು, ಇಲ್ಲೂ ನಡೆಯುತ್ತದೆ’ ಎಂಬ ಮಾತು ಇಲ್ಲಿ ಅಪಾಯ.

ಪರಿಹಾರ: ನಡುವೆ ಒಬ್ಬ ಮಧ್ಯವರ್ತಿ. ನಮ್ಮ ಮನೆಯ ಉರ್ದುವಿನಲ್ಲಿ ದಲಾಲ್, ಮಂಡಿಯ ಕನ್ನಡದಲ್ಲಿ ದಲ್ಲಾಳಿ. ಇಲ್ಲಿ ಆ ಕೆಲಸ ಮಾಡುವುದು 12 ವೋಲ್ಟ್‌ನ ಒಂದು ಸಣ್ಣ ರಿಲೇ. ರೇಡಿಯೊ ಈ ರಿಲೇಯ ಸುರುಳಿಯನ್ನು ಮಾತ್ರ ನಡೆಸುತ್ತದೆ. ರಿಲೇಯ ಸಂಪರ್ಕಗಳು ಆಂಪ್ಲಿಫೈಯರ್‌ನ ತಂತಿಯನ್ನು ಜೋಡಿಸುತ್ತವೆ. 100 ವೋಲ್ಟ್ ರೇಡಿಯೊದ ಬಾಗಿಲಿಗೆ ಬರುವುದೇ ಇಲ್ಲ.

ಎರಡನೇ ಪ್ರಶ್ನೆ: ಕರೆಂಟ್ ಎಷ್ಟು?

ಸುರುಳಿಯ ರೋಧ 150 ಓಮ್ ಎಂದುಕೊಳ್ಳಿ. 12ನ್ನು 150ರಿಂದ ಭಾಗಿಸಿದರೆ 0.08 ಆಂಪಿಯರ್, ಅಂದರೆ 80 ಮಿಲಿಆಂಪಿಯರ್. ಮಿತಿ 500. ಇಲ್ಲಿ ತೊಂದರೆ ಇಲ್ಲ.

ಮೂರನೇ ಪ್ರಶ್ನೆ: ಕರೆಂಟ್ ನಿಂತಾಗ ಏನಾಗುತ್ತದೆ?

ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ನಿಲ್ಲಿಸಿದರೆ, ಅದು ಕ್ಷಣಮಾತ್ರ ವಿರುದ್ಧ ದಿಕ್ಕಿನಲ್ಲಿ ದೊಡ್ಡ ವೋಲ್ಟೇಜ್ ಹುಟ್ಟಿಸುತ್ತದೆ. 12 ವೋಲ್ಟ್‌ನ ರಿಲೇಯಿಂದಲೂ ನೂರಾರು ವೋಲ್ಟ್ ಬರಬಹುದು. ಇದನ್ನು ತಡೆಯಲು ಸುರುಳಿಯ ಎರಡು ತುದಿಗಳ ನಡುವೆ 1ಎನ್4007 ಡಯೋಡ್ ಬೆಸುಗೆ ಹಾಕಬೇಕು. ಡಯೋಡ್‌ನ ಬಿಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗಿರಲಿ. ತಿರುಗಿಸಿ ಹಾಕಿದರೆ ಅದು ಪೂರೈಕೆಯನ್ನೇ ಶಾರ್ಟ್ ಮಾಡುತ್ತದೆ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಇದು ಲಕ್ಷದ ಆಸ್ತಿಗೆ ಕೆಲವೇ ರೂಪಾಯಿಯ ವಿಮೆ. ಕಂತು ಒಂದೇ ಸಲ.

ನಾಲ್ಕನೇ ಪ್ರಶ್ನೆ: ಯಾವುದು ಮೊದಲು?

ರಿಲೇ ಚಲಿಸಲು ಸಮಯ ಬೇಕು. ಸಣ್ಣ ರಿಲೇಗೆ 10, ಆಂಪ್ಲಿಫೈಯರ್‌ನ ರಿಲೇಗೆ 15 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಒಟ್ಟು 25. ಅಷ್ಟರೊಳಗೆ ರೇಡಿಯೊ ಶಕ್ತಿ ಬಿಟ್ಟರೆ ಸಂಪರ್ಕಗಳಲ್ಲಿ ಕಿಡಿ ಹಾರಿ ಅವು ಸವೆಯುತ್ತವೆ. ಇಲ್ಲಿ ಸಾಫ್ಟ್‌ವೇರ್ ನೆರವಿಗೆ ಬರುತ್ತದೆ. ಮೆನುವಿನಲ್ಲಿ ‘ಟಿಎಕ್ಸ್ ಡಿಲೇ’ಯನ್ನು 30 ಮಿಲಿಸೆಕೆಂಡ್‌ಗೆ ಇಟ್ಟರೆ, ರಿಲೇಗಳು ಕೂತ ಮೇಲೆ ಪ್ರಸಾರ ಶುರುವಾಗುತ್ತದೆ.

ಜೋಡಿಸುವ ಕ್ರಮ

1. 12 ವೋಲ್ಟ್ ಪೂರೈಕೆಯ ಪ್ಲಸ್‌ನಿಂದ ಫ್ಯೂಸ್ ಮೂಲಕ ಸುರುಳಿಗೆ, ಸುರುಳಿಯ ಇನ್ನೊಂದು ತುದಿಯಿಂದ ‘ಸೆಂಡ್’ ಸಾಕೆಟ್‌ನ ನಡುವಿನ ತಂತಿಗೆ. ಪೂರೈಕೆಯ ಮೈನಸ್ ರೇಡಿಯೊದ ಗ್ರೌಂಡ್‌ಗೆ.
2. ರೇಡಿಯೊಗೆ ಜೋಡಿಸುವ ಮೊದಲು ‘ಸೆಂಡ್’ಗೆ ಹೋಗುವ ತಂತಿಯನ್ನು ಕೈಯಲ್ಲೇ ಮೈನಸ್‌ಗೆ ಮುಟ್ಟಿಸಿ ನೋಡಿ. ರಿಲೇ ‘ಟಿಕ್’ ಎನ್ನಬೇಕು.
3. ಆ ತಂತಿಯಲ್ಲಿ 12ರ ಆಸುಪಾಸಿಗಿಂತ ಹೆಚ್ಚು ವೋಲ್ಟ್ ಇಲ್ಲವೆಂದು ಮಲ್ಟಿಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ.
4. ಮೊದಲ ಪ್ರಸಾರ ಆಂಟೆನಾಗೆ ಬೇಡ. 50 ಓಮ್‌ನ ಡಮ್ಮಿ ಲೋಡ್‌ಗೆ, ಕಡಿಮೆ ಶಕ್ತಿಯಲ್ಲಿ ಇರಲಿ.

ಒಂದು ಎಚ್ಚರಿಕೆ. ಎಸ್‌ಬಿ-220ರ ಒಳಗೆ ಸುಮಾರು 3000 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿಯಬಹುದು. ಅದರ ಮುಚ್ಚಳವನ್ನು ಅನುಭವಿಗಳೇ ತೆರೆಯಲಿ. ನಾವು ಹೊರಗಿನ ಪೆಟ್ಟಿಗೆ ಮಾಡಿದರೆ ಸಾಕು. ಪರವಾನಗಿ ಇಲ್ಲದವರು ಪ್ರಸಾರದ ಗುಂಡಿ ಒತ್ತುವಂತೆಯೂ ಇಲ್ಲ.

ಅಭ್ಯಾಸಕ್ಕೆ: ನಿಮ್ಮ ಬಳಿ ಇರುವ 12 ವೋಲ್ಟ್ ರಿಲೇಯ ಸುರುಳಿ 20 ಓಮ್ ಇದೆ. ಅದನ್ನು ಈ ‘ಸೆಂಡ್’ ಸಾಕೆಟ್‌ಗೆ ಜೋಡಿಸಬಹುದೇ? ಕರೆಂಟ್ 0.6 ಆಂಪಿಯರ್ ಆಗುತ್ತದೆ. ವೋಲ್ಟ್ ಸರಿಯಿದ್ದರೂ ಕರೆಂಟ್ ಮಿತಿ ಮೀರಿತು, ಆದ್ದರಿಂದ ಬೇಡ. ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಸರಿ ಉತ್ತರ ಬಂದರೂ ಪಾಸ್ ಆಗದ ಪರೀಕ್ಷೆ ಇದು.