ಸಾಹಿತ್ಯದ ಓದು ಮತ್ತು ಅಂಕದ ತಾತ್ವಿಕತೆ: ಅಮೆರಿಕದ ಎ.ಪಿ. ಸಾಹಿತ್ಯ ಪಠ್ಯಕ್ರಮವನ್ನು ಕುರಿತು

ಸಾಹಿತ್ಯ ಬೋಧನೆಯನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಪಠ್ಯದ ಆಯ್ಕೆಯ ಸುತ್ತಲೇ ನಡೆದಿವೆ. ಯಾವ ಲೇಖಕರು ಪಠ್ಯದಲ್ಲಿ ಸೇರಿದರು, ಯಾರು ಹೊರಗುಳಿದರು ಎಂಬುದು ವಾಗ್ವಾದಕ್ಕೆ ವಸ್ತುವಾದಷ್ಟು, ಉತ್ತರಪತ್ರಿಕೆಗೆ ಅಂಕ ಬೀಳುವ ಕ್ರಮ ವಸ್ತುವಾಗಿಲ್ಲ. ಆದರೆ ಯಾವುದು ಒಳ್ಳೆಯ ಓದು ಎಂಬ ತೀರ್ಮಾನ ವಿದ್ಯಾರ್ಥಿಗೆ ಮುಟ್ಟುವುದು ಪಠ್ಯಪುಸ್ತಕದ ಮುನ್ನುಡಿಯಿಂದಲ್ಲ, ಅಂಕದ ಮೂಲಕ. ಈ ದೃಷ್ಟಿಯಿಂದ ಅಮೆರಿಕದ ಪ್ರೌಢಶಾಲಾ ಹಂತದ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ (ಎ.ಪಿ.) ಇಂಗ್ಲಿಷ್ ಸಾಹಿತ್ಯ ಪಠ್ಯಕ್ರಮ ಪರಿಶೀಲನೆಗೆ ಅರ್ಹವಾಗಿದೆ. ಶಾಲೆಯಲ್ಲಿದ್ದುಕೊಂಡೇ ಕಾಲೇಜು ಮಟ್ಟದ ಸಾಹಿತ್ಯಾಭ್ಯಾಸ ಮಾಡಲು ಅವಕಾಶ ಕೊಡುವ ಈ ವ್ಯವಸ್ಥೆ, ತನ್ನ ಮೌಲ್ಯಮಾಪನದ ಮಾನದಂಡಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ.

ಈ ಯೋಜನೆಯ ಮೂಲ 1950ರ ದಶಕದ ಆರಂಭದಲ್ಲಿದೆ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಪ್ರಯೋಗಗಳಲ್ಲಿ ಒಂದು ಓಹಾಯೋ ರಾಜ್ಯದ ಕೆನ್ಯನ್ ಕಾಲೇಜಿನ ಹೆಸರನ್ನೇ ಹೊತ್ತಿತ್ತು. 1955ರಲ್ಲಿ ಕಾಲೇಜ್ ಬೋರ್ಡ್ ಇದನ್ನು ವಹಿಸಿಕೊಂಡಿತು. ನವ್ಯ ವಿಮರ್ಶೆಯ ಪ್ರಮುಖರಲ್ಲೊಬ್ಬನಾದ ಜಾನ್ ಕ್ರೋ ರ‍್ಯಾನ್ಸಮ್ ಅಧ್ಯಾಪಕನಾಗಿದ್ದುದೂ, 1939ರಲ್ಲಿ ‘ಕೆನ್ಯನ್ ರಿವ್ಯೂ’ ಆರಂಭಿಸಿದ್ದೂ ಇದೇ ಕಾಲೇಜಿನಲ್ಲಿ. ಇವೆರಡರ ನಡುವೆ ನೇರ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಎ.ಪಿ. ಪರೀಕ್ಷೆಯ ಅಪರಿಚಿತ ಕವಿತೆಯ ಪ್ರಶ್ನೆ ಹುಟ್ಟಿರುವುದು ಆ ವಾತಾವರಣದಲ್ಲಿಯೇ. ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಯ ಹೆಸರು ಮರೆಮಾಡಿ ಕವಿತೆಗಳನ್ನು ಓದಿಸಿ, 1929ರಲ್ಲಿ ಪ್ರಕಟಿಸಿದ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಮ್’ ಇದರ ಹಿಂದಿನ ಕೊಂಡಿ. ನಮ್ಮ ನವ್ಯ ವಿಮರ್ಶೆಯ ಕೃತಿನಿಷ್ಠ ಓದಿಗೂ ಇದೇ ಪರಂಪರೆಯ ನಂಟಿರುವುದರಿಂದ, ಇಲ್ಲಿನ ಪ್ರಶ್ನೆಗಳು ಕನ್ನಡ ಅಧ್ಯಾಪಕರಿಗೆ ಅಪರಿಚಿತವಲ್ಲ.

ಪರೀಕ್ಷೆ ಮೂರು ಗಂಟೆಗಳದು. ಒಂದು ಗಂಟೆಯ ಬಹು ಆಯ್ಕೆಯ 55 ಪ್ರಶ್ನೆಗಳಿಗೆ ಶೇ. 45, ಎರಡು ಗಂಟೆಯ ಮೂರು ಪ್ರಬಂಧಗಳಿಗೆ ಶೇ. 55ರಷ್ಟು ಪ್ರಾಶಸ್ತ್ಯ. ಮೊದಲ ಪ್ರಬಂಧ ಕವಿತೆಯನ್ನು, ಎರಡನೆಯದು ಗದ್ಯಕಥನದ ಒಂದು ಭಾಗವನ್ನು ಕುರಿತದ್ದು. ಮೂರನೆಯದರಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಂಡ ಕೃತಿಯನ್ನು ಆಧರಿಸಿ ವಾದ ಮಂಡಿಸಬೇಕು. ಕಡ್ಡಾಯ ಪಠ್ಯಗಳ ಪಟ್ಟಿ ಇಲ್ಲ. ಪಾತ್ರ, ಸನ್ನಿವೇಶ, ರಚನೆ, ನಿರೂಪಣೆ, ಅಲಂಕಾರಿಕ ಭಾಷೆ, ವಾದಮಂಡನೆ ಎಂಬ ನೆಲೆಗಳಲ್ಲಿ ಕೌಶಲಗಳನ್ನಷ್ಟೇ ನಿಗದಿಪಡಿಸಲಾಗಿದೆ. ಅಂತಿಮ ಫಲಿತಾಂಶ 1ರಿಂದ 5ರವರೆಗಿನ ಶ್ರೇಣಿಯಲ್ಲಿ ಪ್ರಕಟವಾಗುತ್ತದೆ. ತರಗತಿಯ ಅಧ್ಯಾಪಕರು ಕೊಡುವ ಗ್ರೇಡ್ ಇದಕ್ಕಿಂತ ಬೇರೆಯಾದುದು; ಎರಡೂ ಹೊಂದಿಕೊಳ್ಳಲೇಬೇಕೆಂಬ ನಿಯಮವಿಲ್ಲ.

ಹಿಂದೆ ಪ್ರಬಂಧಗಳನ್ನು ಒಂಬತ್ತು ಅಂಕಗಳ ಸಮಗ್ರ ಮಾಪನದಲ್ಲಿ ಅಳೆಯಲಾಗುತ್ತಿತ್ತು. ಓದಿದ ಮೌಲ್ಯಮಾಪಕರ ಮನಸ್ಸಿನಲ್ಲಿ ಉಳಿದ ಒಟ್ಟು ಪರಿಣಾಮಕ್ಕೆ ಅಲ್ಲಿ ಬೆಲೆಯಿತ್ತು. 2019-20ನೆಯ ಶೈಕ್ಷಣಿಕ ವರ್ಷದಿಂದ ಆರು ಅಂಕಗಳ ವಿಭಜಿತ ಮಾಪನ ಬಂದಿತು: ಪ್ರತಿಪಾದನೆಗೆ ಒಂದು, ಪಠ್ಯಾಧಾರ ಮತ್ತು ವ್ಯಾಖ್ಯಾನಕ್ಕೆ ನಾಲ್ಕು, ಪ್ರೌಢಿಗೆ ಒಂದು. ಪ್ರಶ್ನೆಯನ್ನೇ ತಿರುಗಿಸಿ ಬರೆದರೆ ಪ್ರತಿಪಾದನೆಯ ಅಂಕವಿಲ್ಲ. ಸಮರ್ಥಿಸಬಹುದಾದ ಅರ್ಥೈಸುವಿಕೆ ಬೇಕು, ಅದು ಪ್ರಬಂಧದ ಯಾವ ಭಾಗದಲ್ಲಿದ್ದರೂ ಸಲ್ಲುತ್ತದೆ. ಮುಖ್ಯವಾದದ್ದು ಎರಡನೆಯ ಸಾಲು. ಸಾಮಾನ್ಯ ಮಾತುಗಳಲ್ಲಿ ಸಾರಾಂಶ ಹೇಳುವ ಪ್ರಬಂಧ ಅಲ್ಲಿ ಒಂದಂಕದಲ್ಲಿಯೇ ನಿಲ್ಲುತ್ತದೆ. ನಿರ್ದಿಷ್ಟ ಆಧಾರಗಳನ್ನು ಕೊಟ್ಟು, ಅವು ಅರ್ಥವನ್ನು ಹೇಗೆ ಕಟ್ಟುತ್ತವೆಂದು ಉದ್ದಕ್ಕೂ ವಿವರಿಸಿದ್ದಕ್ಕೆ ಮಾತ್ರ ನಾಲ್ಕು.

ಈ ಸಾಲನ್ನು ನಮ್ಮ ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಬಹುದು. ಆಕರ, ಸಂದರ್ಭ, ಸ್ವಾರಸ್ಯ ಎಂದು ಅಂಕ ಹಂಚಿಕೆಯಾಗುವಾಗ ಮೊದಲೆರಡು ನೆನಪಿನ ಪರೀಕ್ಷೆಗಳು. ಸ್ವಾರಸ್ಯವೊಂದೇ ಓದಿನ ಪರೀಕ್ಷೆ. ಆ ಭಾಗದಲ್ಲಿಯೂ ಸಾಲಿನ ಭಾವಾರ್ಥವನ್ನೇ ಮತ್ತೊಮ್ಮೆ ಬರೆದವರಿಗೆ ಅಂಕ ದೊರೆಯುವುದು ಮೌಲ್ಯಮಾಪನ ಕೇಂದ್ರಗಳಲ್ಲಿ ಕುಳಿತವರಿಗೆ ತಿಳಿಯದ ಸಂಗತಿಯೇನಲ್ಲ. ಎ.ಪಿ. ಮಾಪನ ಈ ಅನುಪಾತವನ್ನು ತಲೆಕೆಳಗು ಮಾಡಿ, ಆರರಲ್ಲಿ ನಾಲ್ಕನ್ನು ಸ್ವಾರಸ್ಯದ ಕಡೆಗೆ ಇಟ್ಟಿದೆ. ಇದು ಅದರ ಬಲ.

ತೊಡಕಿರುವುದು ಆರನೆಯ ಅಂಕದಲ್ಲಿ. ವಾಮನನು ಅರ್ಥಗುಣಗಳಲ್ಲಿ ಓಜಸ್ಸನ್ನು ಅರ್ಥದ ಪ್ರೌಢಿಯೆಂದು ನಿರೂಪಿಸಿ ಅದರ ಬಗೆಗಳನ್ನು ವಿಂಗಡಿಸಿದನು. ಇಲ್ಲಿಯೂ ಅಂಥದೇ ವಿಂಗಡಣೆ ಇದೆ: ಕೃತಿಯೊಳಗಿನ ಸಂಕೀರ್ಣತೆ ಅಥವಾ ಸೆಳೆತಗಳ ಶೋಧ, ವಿಶಾಲ ಸಂದರ್ಭದಲ್ಲಿ ಅರ್ಥೈಸುವುದು, ಬೇರೆ ಓದುಗಳ ಪರಿಗಣನೆ, ಪರಿಣಾಮಕಾರಿಯಾದ ಶೈಲಿ. ಇದು ಒಂದೆರಡು ಮಾತುಗಳ ಉಲ್ಲೇಖವಾಗಿರದೆ ವಾದದ ಅಂಗವಾಗಿರಬೇಕೆಂಬ ಎಚ್ಚರಿಕೆಯೂ ಇದೆ. ಆದರೆ ಲಕ್ಷಣವನ್ನು ಪ್ರಕಟಿಸಿದ ಕೂಡಲೇ ಅದು ಅನುಕರಣೆಯ ಸೂತ್ರವಾಗುವ ಅಪಾಯವೂ ಹುಟ್ಟುತ್ತದೆ. ಎಲ್ಲ ಕವಿತೆಗಳಲ್ಲೂ ‘ಸೆಳೆತ’ವನ್ನು ಹುಡುಕಿ ತೋರಿಸುವ ಅಭ್ಯಾಸಕ್ಕೆ ಬಿದ್ದ ವಿದ್ಯಾರ್ಥಿ, ಸರಳವಾಗಿಯೇ ದೊಡ್ಡದಾದ ಕವಿತೆಯ ಎದುರು ಏನು ಮಾಡಬೇಕು? ಹಳೆಯ ಸಮಗ್ರ ಮಾಪನ ಅಸ್ಪಷ್ಟವಾಗಿತ್ತು, ನಿಜ. ಆದರೆ ಅಂಥ ಓದಿಗೆ ಅಲ್ಲಿ ಜಾಗವಿತ್ತು.

ಶ್ರೇಣಿಯ ವಿಷಯವಂತೂ ಇನ್ನೂ ಅಸ್ಥಿರ. 2021ರಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚಿನ ಶ್ರೇಣಿ ಪಡೆದವರು ಸುಮಾರು ಶೇ. 44, 2022ರಲ್ಲಿ ಸುಮಾರು ಶೇ. 78. ಒಂದು ವರ್ಷದಲ್ಲಿ ಒಂದು ದೇಶದ ಹುಡುಗರ ಓದು ಇಷ್ಟು ಬದಲಾಗದು. ಶ್ರೇಣಿಗಳ ಗಡಿರೇಖೆಗಳನ್ನು ಮರುನಿಗದಿ ಮಾಡಿದ್ದೇ ಇದಕ್ಕೆ ಮುಖ್ಯ ಕಾರಣ. ಆರಂಕದ ಮಾಪನದ ಎಲ್ಲ ಖಚಿತತೆಯೂ ಕೊನೆಯಲ್ಲಿ ಇಂಥದೊಂದು ಆಡಳಿತಾತ್ಮಕ ತೀರ್ಮಾನಕ್ಕೆ ಅಧೀನವಾಗಿದೆ.

ಮೂರನೆಯ ಪ್ರಬಂಧದ ಸ್ವಾತಂತ್ರ್ಯವನ್ನೂ ಈ ಬೆಳಕಿನಲ್ಲಿ ನೋಡಬೇಕು. ಸೂಚಿತ ಕೃತಿಗಳ ಪಟ್ಟಿ ಇದ್ದರೂ, ಸಾಹಿತ್ಯಕ ಮೌಲ್ಯವುಳ್ಳ ಬೇರೆ ಕೃತಿಯನ್ನು ಆರಿಸಿಕೊಳ್ಳಬಹುದು. ಅಮೆರಿಕದ ಕನ್ನಡ ಕುಟುಂಬವೊಂದರ ಹುಡುಗಿ, ಎ. ಕೆ. ರಾಮಾನುಜನ್ ಅವರ 1976ರ ಅನುವಾದದಲ್ಲಿ ‘ಸಂಸ್ಕಾರ’ವನ್ನು ಓದಿ ಅದನ್ನೇ ಕುರಿತು ಬರೆಯಲು ನಿಯಮದ ಅಡ್ಡಿಯಿಲ್ಲ. ಆದರೆ ಆ ಕೃತಿಯನ್ನು ಓದಿರದ ಮೌಲ್ಯಮಾಪಕರಿಗೆ, ಶವಸಂಸ್ಕಾರದ ಸಮಸ್ಯೆ ಅಗ್ರಹಾರಕ್ಕೆ ಯಾಕೆ ಬಿಕ್ಕಟ್ಟಾಯಿತು ಎಂಬುದನ್ನು ಅವಳು ಮೊದಲು ಕಥೆಯಾಗಿ ಹೇಳಬೇಕಾಗುತ್ತದೆ. ನಲವತ್ತು ನಿಮಿಷದ ಪ್ರಬಂಧದಲ್ಲಿ ಅದಕ್ಕೆ ಹೋಗುವ ಸಾಲುಗಳು ಸಾರಾಂಶದ ಲೆಕ್ಕಕ್ಕೆ ಬೀಳುತ್ತವೆ. ‘ಹ್ಯಾಮ್ಲೆಟ್’ ಆರಿಸಿಕೊಂಡ ಸಹಪಾಠಿಗೆ ಆ ಖರ್ಚಿಲ್ಲ.